ಪೆಪ್ಪರ್‌ಮಿಂಟ್, ನೀಲಗಿರಿ, ಲ್ಯಾವೆಂಡರ್: ಮೂರು ಸುಗಂಧ ತೈಲಗಳನ್ನು ಒಂದು ವರ್ಷ ಬಳಸಿದ ಮೇಲೆ

ಸಂಜೆಯ ಹೊತ್ತಿಗೆ ಹಣೆಯ ಎರಡೂ ಬದಿಯನ್ನು ಬಿಗಿದು ಹಿಡಿಯುವ ತಲೆನೋವು, ವರ್ಷಕ್ಕೆ ಮೂರು ನಾಲ್ಕು ಬಾರಿ ಮೂಗು ಕಟ್ಟಿಸುವ ಶೀತ, ಇವೆರಡರ ಬೆನ್ನಿಗೇ ಬರುವ ನಿದ್ದೆಗೇಡು: ಈ ಮೂರು ಕಾಟಗಳಿಗೆ ನಾನು ಒಂದು ವರ್ಷ ಕಾಲ ಪೆಪ್ಪರ್‌ಮಿಂಟ್, ನೀಲಗಿರಿ ಮತ್ತು ಲ್ಯಾವೆಂಡರ್ ತೈಲಗಳನ್ನು ಸರದಿಯ ಮೇಲೆ ಬಳಸಿ ನೋಡಿದ್ದೇನೆ. ಮೂರನ್ನೂ ಮೂಸಿದ್ದೇನೆ, ಎರಡನ್ನು ತೆಳುವಾಗಿಸಿ ಚರ್ಮಕ್ಕೆ ಹಚ್ಚಿದ್ದೇನೆ. ಯಾವುದನ್ನೂ ನಾಲಿಗೆಗೆ ತಾಗಿಸಿಲ್ಲ. ಯಾವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದೊಂದೇ ಆರಂಭದಲ್ಲಿ ನನ್ನ ಅಳತೆಗೋಲಾಗಿತ್ತು. ಬಳಸುವವರ ಅಜಾಗರೂಕತೆಯನ್ನು ಯಾವ ತೈಲ ಎಷ್ಟು ಸಹಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಅಳತೆ ಎಂದು ತಿಳಿಯಲು ಕೆಲವು ತಿಂಗಳು ಬೇಕಾದವು.

ತಲೆನೋವಿನ ಮಟ್ಟಿಗೆ ಪೆಪ್ಪರ್‌ಮಿಂಟ್‌ಗೆ ಸಾಟಿಯಿಲ್ಲ. ಈ ತೈಲದಲ್ಲಿ ಸಾಮಾನ್ಯವಾಗಿ ಶೇ. 30ರಿಂದ 50ರಷ್ಟು ಮೆಂಥಾಲ್ ಎಂಬ ಘಟಕ ಇರುತ್ತದೆ. ಚಳಿಯನ್ನು ಗುರುತಿಸುವ ನರತುದಿಗಳ ಗ್ರಾಹಕವನ್ನೇ (ಸಂವೇದನೆಯನ್ನು ಹಿಡಿಯುವ ಅಣುವನ್ನೇ) ಮೆಂಥಾಲ್ ಕೆರಳಿಸುತ್ತದೆ ಎಂಬುದು 2002ರಲ್ಲಿ ಪತ್ತೆಯಾಯಿತು. ಚರ್ಮದ ಉಷ್ಣತೆ ಇಳಿಯದಿದ್ದರೂ ತಣ್ಣಗಾದಂತೆ ಅನಿಸುವುದು ಅದರಿಂದಲೇ. ಜರ್ಮನಿಯಲ್ಲಿ ಬಿಗಿತದ ತಲೆನೋವಿಗೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ಶೇ. 10ರ ಪೆಪ್ಪರ್‌ಮಿಂಟ್ ದ್ರಾವಣವನ್ನು ಹಣೆಗೆ ಹಚ್ಚುವ ಪದ್ಧತಿಯಿದೆ. ನಾನು ಅಷ್ಟು ಗಾಢಕ್ಕೆ ಹೋಗದೆ, 5 ಮಿ.ಲೀ. ಬಾದಾಮಿ ಎಣ್ಣೆಗೆ 3 ಹನಿ ಬೆರೆಸಿ, ಬೆರಳ ತುದಿಯಿಂದ ಹಣೆಯ ಎರಡೂ ಬದಿಗೂ ಕತ್ತಿನ ಹಿಂಭಾಗಕ್ಕೂ ಸವರಿಕೊಳ್ಳುತ್ತಿದ್ದೆ. ಕಾಲು ಗಂಟೆಯೊಳಗೆ ಬಿಗಿತ ಸಡಿಲವಾಗುತ್ತಿತ್ತು, ಎಲ್ಲ ಸಲವೂ ಅಲ್ಲ, ಹತ್ತರಲ್ಲಿ ಆರೇಳು ಸಲ. ಒಮ್ಮೆ ಕೈ ತೊಳೆಯಲು ಮರೆತು ಕಣ್ಣುಜ್ಜಿಕೊಂಡೆ. ನೀರು ಎರಚಿದಷ್ಟೂ ಉರಿ ಆರಲಿಲ್ಲ, ಏಕೆಂದರೆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹತ್ತಿಯನ್ನು ಬರಿಯ ಬಾದಾಮಿ ಎಣ್ಣೆಯಲ್ಲಿ ಅದ್ದಿ ಮುಚ್ಚಿದ ರೆಪ್ಪೆಯನ್ನು ಒರೆಸಿ, ಬಳಿಕ ಹರಿಯುವ ನೀರಿನಡಿ ಬಹಳ ಹೊತ್ತು ಕಣ್ಣು ಹಿಡಿದ ಮೇಲೆಯೇ ನೆಮ್ಮದಿಯಾಯಿತು. ರಾತ್ರಿ ಮಲಗುವ ಮುನ್ನ ಇದನ್ನು ಹಚ್ಚಿದ ದಿನಗಳಲ್ಲಿ ನಿದ್ದೆ ದೂರವೇ ಉಳಿಯಿತು.

ಕಟ್ಟಿದ ಮೂಗಿನ ವಿಷಯದಲ್ಲಿ ಪೆಪ್ಪರ್‌ಮಿಂಟ್ ಸ್ವಲ್ಪ ಮೋಸಗಾರ. ಉಸಿರು ಸರಾಗವಾದಂತೆ ತೋರುತ್ತದೆ, ಆದರೆ ಅಳೆದು ನೋಡಿದಾಗ ಮೂಗಿನ ಮೂಲಕ ಸಾಗುವ ಗಾಳಿಯ ಪ್ರಮಾಣವನ್ನು ಮೆಂಥಾಲ್ ಹೆಚ್ಚಿಸುವುದಿಲ್ಲ. ತಂಪಿನ ಅನುಭವವನ್ನಷ್ಟೇ ಮಿದುಳು ಸರಾಗತೆಯೆಂದು ಓದಿಕೊಳ್ಳುತ್ತದೆ. ಹಾಗೆಂದು ಆ ಅನುಭವಕ್ಕೆ ಬೆಲೆಯಿಲ್ಲ ಎನ್ನಲಾರೆ. ಶೀತದಲ್ಲಿ ನರಳುವವರಿಗೆ ಅನುಭವವೇ ಅರ್ಧ ಔಷಧ.

ನೀಲಗಿರಿಯ ಬಲ 1,8-ಸಿನಿಯೋಲ್ ಎಂಬ ಘಟಕದಲ್ಲಿದೆ. ಔಷಧ ದರ್ಜೆಯ ತೈಲದಲ್ಲಿ ಅದು ಶೇ. 70ಕ್ಕೂ ಹೆಚ್ಚಿರುತ್ತದೆ. ಬಿಸಿನೀರಿನ ಪಾತ್ರೆಗೆ 2 ಹನಿ ಬಿಟ್ಟು, ಕಣ್ಣು ಮುಚ್ಚಿ ಹಬೆ ತೆಗೆದುಕೊಂಡಾಗ ಮೊದಲ ಉಸಿರಿಗೆ ಕೆಮ್ಮು ಬಂತು, ಅನಂತರ ಕಫ ಕದಲಿತು. ಪೆಪ್ಪರ್‌ಮಿಂಟ್‌ಗಿಂತ ಇದರ ಪರಿಣಾಮ ಹೆಚ್ಚು ಹೊತ್ತು ನಿಂತಿತೆಂದೇ ನನ್ನ ಅನಿಸಿಕೆ, ಆದರೆ ಅದರಲ್ಲಿ ಬರಿಯ ಹಬೆಯ ಪಾಲೆಷ್ಟು, ತೈಲದ ಪಾಲೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ಕುದಿನೀರಿನ ಪಾತ್ರೆ ಮಗುಚುವ ಭಯದಿಂದ ಮುಂದೆ ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸುವುದಕ್ಕೆ ಇಳಿದೆ. ತಲೆನೋವಿಗೆ ಇದು ನನಗೆ ಒಗ್ಗಲಿಲ್ಲ. ಅದರ ಘಾಟು ನೋವನ್ನು ಇನ್ನಷ್ಟು ಕೆದಕಿತು.

ಮೂರರಲ್ಲಿ ನಾನು ಹೆಚ್ಚು ಹೆದರುವುದು ಇದೇ ಸೀಸೆಗೆ. ಪುಟ್ಟ ಮಕ್ಕಳು ಕೆಲವೇ ಮಿ.ಲೀ. ನುಂಗಿದರೂ ಮಂಪರು, ಸೆಳವು, ಉಸಿರಾಟದ ತೊಂದರೆ ಉಂಟಾಗಬಹುದು. ಕೆಮ್ಮಿನ ಸಿರಪ್‌ನ ಪಕ್ಕದಲ್ಲಿ ಅದೇ ಬಣ್ಣದ ಗಾಜಿನ ಸೀಸೆಯಲ್ಲಿ ಇದನ್ನು ಇಡುವುದು ಅಪಾಯವನ್ನು ಆಹ್ವಾನಿಸಿದಂತೆ. ಅಪಸ್ಮಾರ ಅಥವಾ ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಶಿಶುಗಳ ಮುಖ, ಮೂಗು, ಎದೆಯ ಬಳಿಗೆ ನೀಲಗಿರಿಯನ್ನಾಗಲಿ ಪೆಪ್ಪರ್‌ಮಿಂಟನ್ನಾಗಲಿ ಒಯ್ಯಕೂಡದು, ಅದರ ಘಾಟಿಗೆ ಅವರ ಉಸಿರೇ ತಡೆಯಬಹುದು.

ಲ್ಯಾವೆಂಡರ್ ಸೌಮ್ಯವೆಂದು ಹೆಸರಾದುದು. ಅರೋಮಾಥೆರಪಿ (ಸುಗಂಧ ತೈಲಗಳ ಚಿಕಿತ್ಸೆ) ಎಂಬ ಹೆಸರನ್ನು ಬಳಕೆಗೆ ತಂದ ಫ್ರೆಂಚ್ ರಸಾಯನ ತಜ್ಞ ಗಾಟ್‌ಫೊಸೆ, 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಕೈ ಸುಟ್ಟುಕೊಂಡಾಗ ಈ ತೈಲದ ಮೊರೆಹೋದ ಕತೆ ಎಲ್ಲೆಡೆ ಹರಿದಾಡುತ್ತದೆ. ನಿದ್ದೆಗಾಗಿ ದಿಂಬಿನ ಅಂಚಿಗೆ ಒಂದು ಹನಿ ಹಾಕಿ 14 ರಾತ್ರಿ, ಹಾಕದೆ 14 ರಾತ್ರಿ ಮಲಗಿ ಬರೆದಿಟ್ಟೆ. ಹಾಕಿದ ರಾತ್ರಿಗಳಲ್ಲಿ ನಿದ್ದೆ ಹತ್ತುವುದು ತುಸು ಬೇಗವಾಗಿತ್ತು. ನಡುರಾತ್ರಿಯ ಎಚ್ಚರ ಮಾತ್ರ ತಪ್ಪಲಿಲ್ಲ. ಪರಿಮಳವೇ ಗುಟ್ಟು ಬಿಟ್ಟುಕೊಡುವ ವಸ್ತುವಿನ ಮೇಲೆ ನಿಷ್ಪಕ್ಷಪಾತ ಪರೀಕ್ಷೆ ನಡೆಸುವುದು ಎಷ್ಟು ಕಷ್ಟ ಎಂಬುದೂ ಆಗ ಅರ್ಥವಾಯಿತು.

ಚರ್ಮಕ್ಕೆ ಪೆಟ್ಟು ಬಿದ್ದದ್ದೂ ಈ ಸೌಮ್ಯ ತೈಲದಿಂದಲೇ. ಕಿಟಕಿಯ ಬಳಿ ಮುಚ್ಚಳ ಸಡಿಲವಾಗಿ ಬಹುಕಾಲ ಉಳಿದ ಸೀಸೆಯಿಂದ ಎರಡು ಹನಿಯನ್ನು ನೇರವಾಗಿ ಮಣಿಕಟ್ಟಿಗೆ ಹಚ್ಚಿದೆ. ಮರುದಿನ ಅಲ್ಲಿ ಕೆಂಪು ಗಂಧೆಗಳೆದ್ದು ತುರಿಕೆ ವಾರದವರೆಗೂ ಉಳಿಯಿತು. ಲ್ಯಾವೆಂಡರ್‌ನ ಮುಖ್ಯ ಘಟಕಗಳಾದ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಗಾಳಿಗೆ ಒಡ್ಡಿಕೊಂಡಾಗ ನಿಧಾನವಾಗಿ ಆಕ್ಸಿಡೀಕರಣಗೊಂಡು, ಚರ್ಮಕ್ಕೆ ಅಲರ್ಜಿ ತರಬಲ್ಲ ಹೈಡ್ರೊಪೆರಾಕ್ಸೈಡ್‌ಗಳಾಗುತ್ತವೆ. ತಾಜಾ ತೈಲ ಬಹುಮಟ್ಟಿಗೆ ನಿರುಪದ್ರವಿಯಾಗಿದ್ದರೂ ಹಳತು ಹಾಗಲ್ಲ. ಆ ಬಳಿಕ ಹೊಸ ಸೀಸೆಯ ತೈಲವನ್ನು 30 ಮಿ.ಲೀ. ಎಣ್ಣೆಗೆ ಸುಮಾರು 12 ಹನಿಯಂತೆ, ಅಂದರೆ ಶೇ. 2ಕ್ಕೆ ಇಳಿಸಿ, ಮೊಣಕೈಯ ಒಳಬದಿಯಲ್ಲಿ ಒಂದು ದಿನ ಪರೀಕ್ಷಿಸಿ ಬಳಸಿದೆ; ಮತ್ತೆ ತೊಂದರೆಯಾಗಲಿಲ್ಲ.

ತೈಲದ ಪರಿಮಳವನ್ನು ಕೋಣೆಯ ಗಾಳಿಗೆ ಹರಡುವ ಡಿಫ್ಯೂಸರ್ ಬಳಸುವಾಗ ಮೂರಕ್ಕೂ ನನ್ನ ಮಿತಿ ಒಂದೇ: ನಾಲ್ಕು ಹನಿ, ಅರ್ಧ ಗಂಟೆ, ಕಿಟಕಿ ತೆರೆದಿರಬೇಕು. ಬೆಕ್ಕಿರುವ ಮನೆಯಲ್ಲಿ ಅದೂ ಬೇಡ, ಇಂಥ ಹಲವು ಘಟಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಈಗ ಪೆಪ್ಪರ್‌ಮಿಂಟ್ ನನ್ನ ಮೇಜಿನ ಖಾನೆಯಲ್ಲಿದೆ, ಹಗಲಿಗೆ ಮಾತ್ರ. ಸೀಸೆ ತೆರೆದ ದಿನಾಂಕವನ್ನು ಅಂಟಿಸಿಕೊಂಡ ಲ್ಯಾವೆಂಡರ್ ಹಾಸಿಗೆಯ ಬಳಿ ಕತ್ತಲಲ್ಲಿದೆ. ನೀಲಗಿರಿಯನ್ನು ಬೀಗವಿರುವ ಕಪಾಟಿನ ಮೇಲಿನ ಹಲಗೆಗೆ ಏರಿಸಿದ್ದೇನೆ. ಶೀತ ಬಂದಾಗ ಕುರ್ಚಿ ಹತ್ತಿಯೇ ಅದನ್ನು ಇಳಿಸಬೇಕು.