ಗೋಡು ಮಣ್ಣಿನ ಲೆಕ್ಕ: ಕೆರೆ ಹೂಳಿನ ಪರೀಕ್ಷಾ ಸೇವೆಯೊಂದರ ವಿಮರ್ಶೆ

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಕೆರೆಯ ಹೂಳೆತ್ತಲು ಮಂಜೂರಾತಿ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಕೆರೆ ಸಮಿತಿಯ ನಾವೆಲ್ಲ ಸಂತೋಷಪಟ್ಟೆವು. ಜೊತೆಗೆ, ಯಂತ್ರಗಳು ಇಳಿಯುವ ಮೊದಲೇ ಆ ಹೂಳನ್ನು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು ಎಂದೂ ತೀರ್ಮಾನಿಸಿದೆವು. ಕೆರೆ ಕೆಟ್ಟದ್ದು ಯಾವಾಗಿನಿಂದ, ಯಾರಿಂದ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತಿತ್ತು. ಬಡಾವಣೆಯವರು ಮೇಲಿನ ತೋಟಗಳ ರಸಗೊಬ್ಬರದ ಕಡೆ ಬೆರಳು ತೋರಿಸುತ್ತಿದ್ದರು, ಊರಿನವರು ಬಡಾವಣೆಯ ಚರಂಡಿಯ ಕಡೆ. ನೀರಿನ ಪರೀಕ್ಷೆ ಈ ಹೊತ್ತಿನ ನೀರಿನ ಬಗ್ಗೆ ಮಾತ್ರ ಹೇಳುತ್ತದೆ, ಹಿಂದಿನ ದಾಖಲೆಯೆಂದು ನಮ್ಮ ಬಳಿ ಒಂದು ಹಾಳೆಯೂ ಇರಲಿಲ್ಲ. ವರ್ಷವರ್ಷವೂ ತಳ ಸೇರಿದ ಹೂಳು ಮಾತ್ರ ಸೇರಿದ ಕ್ರಮದಲ್ಲೇ ಉಳಿದಿತ್ತು.

ಚಂದಾ ಎತ್ತಿ, ಖಾಸಗಿ ಪ್ರಯೋಗಾಲಯವೊಂದಕ್ಕೆ ಕೆಲಸ ವಹಿಸಿದೆವು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾವು ಕಂಡ ಒಳಿತು ಕೆಡುಕುಗಳು ಇಂಥ ಸೇವೆ ಪಡೆಯುವ ಯಾವ ಸಮಿತಿಗೂ ಎದುರಾಗಬಹುದಾದವು.

ಮಾದರಿ ತೆಗೆದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ತಂಡದವರು ಮೀನುಗಾರರ ಎರಡು ಹರಿಗೋಲುಗಳನ್ನು ಜೋಡಿಸಿ ಕಟ್ಟಿಸಿದರು. ಮಳೆಗಾಲದ ಪ್ರವಾಹ ಹೂಳನ್ನು ಕಲಕುವ ರಾಜಕಾಲುವೆಯ ಬಾಯಿಯನ್ನು ಬಿಟ್ಟು, ಏರಿಗೆ ಹತ್ತಿರದ ಆಳವಾದ ಜಾಗ ಹುಡುಕಿ ಅಲ್ಲಿ ಪಾರದರ್ಶಕ ಅಕ್ರಿಲಿಕ್ ಕೊಳವೆಯನ್ನು ಇಳಿಸಿದರು. ಅದು ಮೇಲೆ ಬಂದ ಗಳಿಗೆಯನ್ನು ನಾನು ಮರೆಯಲಾರೆ. ಬುಡದಲ್ಲಿ ಕಂದು ಬಣ್ಣದ ಬಿಗಿಯಾದ ಜೇಡಿ, ಅದರ ಮೇಲೆ ಬೂದು ಮಣ್ಣು, ತುದಿಯ ಗೇಣುದ್ದದ ಭಾಗ ಮಾತ್ರ ಕಾಡಿಗೆಯಷ್ಟು ಕಪ್ಪು. ಮುಚ್ಚಳ ತೆಗೆದೊಡನೆ ಕೊಳೆತ ಮೊಟ್ಟೆಯ ವಾಸನೆ ಏರಿಯವರೆಗೂ ಬಂತು. ಕೊಳವೆಯನ್ನು ಒರಗಿಸದೆ, ಮೇಲಿನ ನೀರು ಕದಡದಂತೆ ದಡಕ್ಕೆ ತಂದು, ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿದರು. ಕೊಳವೆ ಇಳಿಯುವಾಗ ಅದರ ಗೋಡೆಗೆ ಅಂಟಿದ ಮೇಲಿನ ಮಣ್ಣು ಕೆಳಕ್ಕೆ ಎಳೆದುಕೊಂಡು ಬರುವುದರಿಂದ, ಪ್ರತಿ ಬಿಲ್ಲೆಯ ಅಂಚನ್ನೂ ಕೆರೆದು ಬಿಸಾಡಿದರು. ಇಷ್ಟು ಎಚ್ಚರ ನನಗೆ ಬಹಳ ಮೆಚ್ಚುಗೆಯಾಯಿತು.

ಆದರೆ ಅಲ್ಲೇ ಒಂದು ತಪ್ಪೂ ನಡೆಯಿತು. ಬೂದು ಮಣ್ಣಿನ ಕೆಳಭಾಗದ ಬಿಲ್ಲೆಯೊಂದರಲ್ಲಿ ಶಾಂಪೂ ಸ್ಯಾಚೆಟ್‌ನ ಹರಿದ ಮೂಲೆ ಸಿಕ್ಕಿತು. ಅದನ್ನು ಕಸವೆಂದು ಚಿಮುಟದಿಂದ ಎತ್ತಿ ಎಸೆದುಬಿಟ್ಟರು, ಯಾವ ಆಳದಲ್ಲಿ ಸಿಕ್ಕಿತೆಂದು ಬರೆದುಕೊಳ್ಳಲೂ ಇಲ್ಲ. ಸ್ಯಾಚೆಟ್‌ಗಳು ನಮ್ಮ ಅಂಗಡಿಗಳಲ್ಲಿ ತೂಗಾಡತೊಡಗಿದ್ದು 1980ರ ದಶಕದಲ್ಲಿ. ಅಂದರೆ ಆ ಚೂರು ಬಿಟ್ಟಿಯಾಗಿ ಸಿಕ್ಕಿದ ಕಾಲದ ಗುರುತಾಗಿತ್ತು.

ವರದಿ ಬರಲು ನಾಲ್ಕು ತಿಂಗಳು ಹಿಡಿಯಿತು. ಸಮಿತಿಯಲ್ಲಿ ಗೊಣಗಾಟವಾಯಿತಾದರೂ ನಾನು ಇದನ್ನು ದೋಷವೆಂದು ಎಣಿಸುವುದಿಲ್ಲ. ಹೂಳಿನ ವಯಸ್ಸನ್ನು ತಿಳಿಯುವುದು ಸೀಸ-210 ಎಂಬ ವಿಕಿರಣಶೀಲ ಸೀಸದಿಂದ. ನೆಲದಿಂದ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲಿ ಈ ಸೀಸವಾಗಿ ಮಾರ್ಪಟ್ಟು, ಮಳೆ ಮತ್ತು ದೂಳಿನೊಂದಿಗೆ ಕೆರೆಗೆ ಬಿದ್ದು ತಳ ಸೇರುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುವುದರಿಂದ, ಪದರದಲ್ಲಿ ಉಳಿದ ಪ್ರಮಾಣವನ್ನು ನೋಡಿ ಆ ಪದರದ ವಯಸ್ಸನ್ನು ಹೇಳಬಹುದು. ಸುಮಾರು 150 ವರ್ಷಕ್ಕಿಂತ ಹಳೆಯ ಹೂಳಿಗೆ ಈ ಅಳತೆಗೋಲು ನಿಲುಕುವುದಿಲ್ಲ. ಮಣ್ಣಿನೊಳಗೇ ಹುಟ್ಟುವ ಸೀಸವನ್ನು ಲೆಕ್ಕದಿಂದ ಕಳೆಯಬೇಕಾದ್ದರಿಂದ, ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ ಸುಮಾರು ಮೂರು ವಾರ ಇಟ್ಟ ಮೇಲೆಯೇ ಎಣಿಕೆ ಶುರುವಾಗುವುದು. ಕೆರೆ, ಸರೋವರಗಳ ಹೂಳಿಗೆ ಈ ವಿಧಾನವನ್ನು ಹೊಂದಿಸಿ 1971ರಲ್ಲಿ ಪ್ರಕಟಿಸಿದವರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಇದ್ದರು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ನಮಗೆ ನಿಜವಾದ ಅಸಮಾಧಾನವಾದದ್ದು ಮೊದಲ ವರದಿಯ ವಯಸ್ಸಿನ ನಕ್ಷೆಯಿಂದ. ಅದರಲ್ಲಿ ಮೇಲಿನಿಂದ ಬುಡದವರೆಗೆ ಒಂದೇ ಅಂದವಾದ ಗೆರೆ ಎಳೆದು, ಕಂದು ಜೇಡಿಯ ಅಂಚು ನೂರು ವರ್ಷದ ಹಿಂದಿನದೆಂದು ಬರೆದಿದ್ದರು. ನಮ್ಮ ಊರಿನ ಹಿರಿಯರು ಆ ಹಾಳೆಯನ್ನು ನೋಡಿ, ಬರಗಾಲದ ಬೇಸಿಗೆಗಳಲ್ಲಿ ಕೆರೆ ಬತ್ತಿದಾಗ ತಾವೇ ಎತ್ತಿನ ಗಾಡಿ ಕಟ್ಟಿ ಹೊಲಕ್ಕೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆದದ್ದನ್ನು ನೆನಪಿಸಿಕೊಂಡರು. ಗೋಡು ಹೊಡೆದ ಕೆರೆಯಲ್ಲಿ ನೂರು ವರ್ಷದ ಹೂಳು ಅಖಂಡವಾಗಿ ಎಲ್ಲಿಂದ ಬರಬೇಕು? ಪ್ರಯೋಗಾಲಯದವರ ಅಂಕಿಗಳೇ ಇದನ್ನು ಹೇಳುತ್ತಿದ್ದವು: ಬೂದು ಮಣ್ಣು ಮುಗಿದು ಜೇಡಿ ಶುರುವಾಗುವಲ್ಲಿ ಸೀಸದ ಎಣಿಕೆ ಇಳಿಜಾರಿನಂತೆ ಇಳಿಯದೆ ಮೆಟ್ಟಿಲಿನಂತೆ ಒಮ್ಮೆಲೇ ಕುಸಿದಿತ್ತು. ಅವರು ಬಳಸಿದ ಲೆಕ್ಕಕ್ಕೆ, ಕೊಳವೆಯಲ್ಲಿ ಬಂದ ಹೂಳಿನ ಕಂಬದಲ್ಲಿರುವ ಒಟ್ಟು ಸೀಸ ಪೂರ್ತಿ ಇರಬೇಕು. ಬುಡದ ಪಾಲು ಗಾಡಿಯೇರಿ ಹೋಗಿದ್ದರೆ ಕೆಳಗಿನ ಪದರಗಳ ವಯಸ್ಸು ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. ಪತ್ರ ಬರೆದು ಕೇಳಿದಾಗ ಅವರು ವಾದಿಸದೆ ಒಪ್ಪಿಕೊಂಡರು, ಹೆಚ್ಚಿನ ಶುಲ್ಕ ಕೇಳದೆ ಲೆಕ್ಕವನ್ನು ಹೊಸದಾಗಿ ಮಾಡಿದರು. ಈಗಿನ ವರದಿ ಜೇಡಿಯ ಮೇಲಿನ ಸುಮಾರು 40 ವರ್ಷದ ಹೂಳಿನ ಬಗ್ಗೆ ಮಾತ್ರ ಮಾತನಾಡುತ್ತದೆ, ಪ್ರತಿ ವರ್ಷಾಂಕದ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಬರೆದಿದೆ. ಆ ಸ್ಯಾಚೆಟ್‌ನ ಚೂರು ಉಳಿದಿದ್ದರೆ ಇದಕ್ಕೆ ಇನ್ನೊಂದು ಸಾಕ್ಷಿ ಇರುತ್ತಿತ್ತು. 1963ರ ಸುಮಾರಿಗೆ ಅಣುಬಾಂಬ್ ಪರೀಕ್ಷೆಗಳಿಂದ ಜಗತ್ತಿನಾದ್ಯಂತ ಅತಿ ಹೆಚ್ಚಾಗಿ ಬಿದ್ದ ಸೀಸಿಯಂ-137ರ ಗುರುತು ನಮ್ಮ ಕಂಬದಲ್ಲಿ ಸಿಗಲಿಲ್ಲವೆಂದು ಅವರು ನೇರವಾಗಿ ಬರೆದದ್ದು ಒಳ್ಳೆಯ ನಡೆ.

ಪೋಷಕಾಂಶಗಳ ಭಾಗ ಒಟ್ಟಾರೆ ತೃಪ್ತಿ ಕೊಟ್ಟಿತು. ಕೆರೆ ಹಸಿರುಗಟ್ಟುವುದಕ್ಕೆ ರಂಜಕವೇ ಮುಖ್ಯ ಎಂಬುದನ್ನು ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ ತೋರಿಸಿತ್ತು: ಒಂದೇ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಸಾರಜನಕ ಮತ್ತು ಇಂಗಾಲವನ್ನು, ಒಂದು ಬದಿಗೆ ಮಾತ್ರ ರಂಜಕವನ್ನೂ ಹಾಕಿದಾಗ, ರಂಜಕ ಬಿದ್ದ ಬದಿ ಪಾಚಿಯಿಂದ ಹಸಿರಾಯಿತು. ಬೆಳ್ಳಂದೂರಿನ ನೊರೆಯನ್ನೂ 2017ರಲ್ಲಿ ಆ ಕೆರೆಗೆ ಬೆಂಕಿ ಹತ್ತಿದ್ದನ್ನೂ ಕಂಡ ನಮಗೆ, ಕೊಳಚೆ ನೀರಿನ ಜೊತೆ ಏನೇನು ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಕಂಬದ ಬೂದು ಮಣ್ಣಿನಲ್ಲಿ ರಂಜಕ ನಿಧಾನವಾಗಿ ಏರಿ, ಕಪ್ಪು ಪದರದಲ್ಲಿ ಒಮ್ಮೆಲೇ ಮೇಲಕ್ಕೆ ಹೋಗಿದೆ. ಸಾರಜನಕದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ರೂಪಗಳಿವೆ, ಭಾರದ ರೂಪದ ಪಾಲೂ ಅದೇ ಕಪ್ಪು ಪದರದಲ್ಲಿ ಹೆಚ್ಚಿದೆ. ಯೂರಿಯಾದ ಸಾರಜನಕ ಗಾಳಿಯಿಂದಲೇ ತಯಾರಾದದ್ದು, ಆದ್ದರಿಂದ ಅದರಲ್ಲಿ ಭಾರದ ರೂಪದ ಪಾಲು ಹೆಚ್ಚುಕಡಿಮೆ ಗಾಳಿಯಲ್ಲಿರುವಷ್ಟೇ ಇರುತ್ತದೆ. ಮಲಮೂತ್ರದಲ್ಲಾದರೆ ಹಗುರ ರೂಪ ಅಮೋನಿಯಾ ಆಗಿ ಮೊದಲು ಹಾರಿಹೋಗಿ, ಭಾರದ್ದು ಉಳಿಯುತ್ತದೆ. ಅಂದರೆ ತೋಟಗಳ ಗೊಬ್ಬರ ಮೊದಲು ಸ್ವಲ್ಪ ಸ್ವಲ್ಪವಾಗಿ ಬಂದಿರಬಹುದು, ಕೆರೆಯನ್ನು ಈ ಸ್ಥಿತಿಗೆ ತಂದದ್ದು ಆಮೇಲಿನ ಚರಂಡಿ ನೀರು ಎಂಬುದು ಹೆಚ್ಚು ಒಪ್ಪುವ ಓದು.

ಇಲ್ಲಿ ಎರಡು ಕೊರತೆಗಳನ್ನು ಹೇಳಲೇಬೇಕು. ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣಕ್ಕೆ ಅಂಟಿದ ರಂಜಕ ಬಿಡಿಸಿಕೊಂಡು ಹೂಳಿನೊಳಗಿನ ನೀರಿನಲ್ಲಿ ಮೇಲಕ್ಕೆ ಸರಿಯುತ್ತದೆ. ಹಾಗಾಗಿ ತುದಿಯ ಏರಿಕೆಯ ಒಂದು ಪಾಲು ಕೆಳಗಿನಿಂದ ಬಂದದ್ದಿರಬಹುದು. ರಂಜಕ ಯಾವ ಯಾವ ರೂಪದಲ್ಲಿದೆ ಎಂದು ಬಿಡಿಸಿ ಅಳೆದಿದ್ದರೆ ಇದು ತಿಳಿಯುತ್ತಿತ್ತು, ಅವರು ಅಳೆದದ್ದು ಒಟ್ಟು ರಂಜಕವನ್ನು ಮಾತ್ರ. ಎರಡನೆಯದಾಗಿ, ಕೊಟ್ಟಿಗೆಯ ಸಗಣಿ ಗಂಜಲವೂ ಸಾರಜನಕವನ್ನು ಹೀಗೆಯೇ ಭಾರವಾಗಿಸುತ್ತದೆ. ಮನುಷ್ಯರ ಮಲದ ನೇರ ಗುರುತಾದ ಕೊಪ್ರೊಸ್ಟನಾಲ್ ಪರೀಕ್ಷೆ ಅವರ ಪಟ್ಟಿಯಲ್ಲೇ ಇರಲಿಲ್ಲ.

ಇಷ್ಟಾದರೂ ಈ ಸೇವೆಯನ್ನು ನಾನು ಬೇರೆ ಸಮಿತಿಗಳಿಗೆ ಶಿಫಾರಸು ಮಾಡುತ್ತೇನೆ. ಹೂಳೆತ್ತುವ ಮೊದಲು ಮಾಡಿಸಿದರೆ ಮಾತ್ರ ಇದರಿಂದ ಪ್ರಯೋಜನ. ಟಿಪ್ಪರ್ ಲಾರಿಯಲ್ಲಿ ಬೆರೆತುಹೋದ ಮಣ್ಣಿನಿಂದ ಯಾರೂ ಕಾಲವನ್ನು ಹೇಳಲಾರರು. ಹೋಗುವಾಗ ಕೆರೆ ಬತ್ತಿದ ವರ್ಷಗಳು, ಗೋಡು ಹೊಡೆದ ವರ್ಷಗಳು, ಕೋಡಿ ಹರಿದ ವರ್ಷಗಳು ಇವನ್ನು ಹಿರಿಯರಿಂದ ಕೇಳಿ ಬರೆದು ತೆಗೆದುಕೊಂಡು ಹೋಗಿ. ನಮ್ಮನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕರಾರಿನಲ್ಲಿ ಉಳಿದ ಬಿಲ್ಲೆಗಳನ್ನು ವಾಪಸು ಕೊಡಬೇಕೆಂದು ಬರೆಸಿಕೊಳ್ಳಿ. ನಮ್ಮವು ಈಗ ಆಳದ ಅಂಕಿ ಬರೆದ ಪೊಟ್ಟಣಗಳಲ್ಲಿ ಸಮಿತಿಯ ಕಾರ್ಯದರ್ಶಿಗಳ ಮನೆಯ ಫ್ರೀಜರಿನಲ್ಲಿವೆ. ಕೊಪ್ರೊಸ್ಟನಾಲ್ ಅಳೆಯುವ ಪ್ರಯೋಗಾಲಯ ಸಿಕ್ಕಿದ ದಿನ ಕಪ್ಪು ಪದರದವನ್ನು ಮೊದಲು ಕಳುಹಿಸುತ್ತೇವೆ.