ಬಿಂಗ್, ಲ್ಯಾಪಿನ್ಸ್, ರಾಯಲ್ ಜೋಡಿ: ಹೊಸ ನೆಲದಲ್ಲಿ ಯಾವ ಚೆರ್ರಿ ನಿಂತಿತು?

ನಮ್ಮ ಸುತ್ತಮುತ್ತ ಸಿಹಿ ಚೆರ್ರಿ ಬೆಳೆದವರು ಯಾರೂ ಇರಲಿಲ್ಲ. ನೆಟ್ಟೇ ಕಲಿಯಬೇಕಾಯಿತು. ಆರು ವರ್ಷದಲ್ಲಿ ಮೂರು ಬಗೆ ನೋಡಿದೆ.

ಮೊದಲು ನೆಟ್ಟಿದ್ದು ಬಿಂಗ್. 1875ರಿಂದ ಇರುವ ತಳಿ, ಹೆಸರೂ ದೊಡ್ಡದು. ಇದು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿ ಬೇಕು. ನರ್ಸರಿಯವರು ಲ್ಯಾಂಬರ್ಟ್ ಕೊಟ್ಟರು. ಎರಡು ತಳಿ ಆಯ್ತಲ್ವಾ ಅಂತ ನಾನೂ ಸುಮ್ಮನಾದೆ. ಆಮೇಲೆ ಗೊತ್ತಾಯಿತು, ಇವೆರಡೂ ಒಂದೇ ಪರಾಗ ಗುಂಪಿನವು. ಒಂದರ ಪರಾಗ ಇನ್ನೊಂದಕ್ಕೆ ಹತ್ತುವುದೇ ಇಲ್ಲ!

ಸರಿಯಾದ ಜೋಡಿ ಸಿಕ್ಕಿದ್ದರೂ ಬಿಂಗ್ ನನಗೆ ಒಲಿಯುತ್ತಿರಲಿಲ್ಲ. ಅದಕ್ಕೆ ಒಂದು ಚಳಿಗಾಲದಲ್ಲಿ ಒಟ್ಟು 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 700ರಿಂದ 800 ಗಂಟೆ ಬೇಕು. ಥರ್ಮಾಮೀಟರ್ ಇಟ್ಟು ಲೆಕ್ಕ ಹಾಕಿದರೆ ನನ್ನ ತೋಟದಲ್ಲಿ 450ರ ಆಸುಪಾಸು. ಚಳಿ ಸಾಲದೆ ಮೊಗ್ಗು ಒಟ್ಟಿಗೆ ಒಡೆಯಲಿಲ್ಲ. ಒಂದು ಕೊಂಬೆಯಲ್ಲಿ ಹೂ, ಪಕ್ಕದ್ದು ಬೋಳು. ಈ ಲೆಕ್ಕ ನೆಡುವ ಮೊದಲೇ ಹಾಕಬೇಕಿತ್ತು.

ಆಮೇಲೆ ಮಿನ್ನಿ ರಾಯಲ್, ರಾಯಲ್ ಲೀ. ಇವಕ್ಕೆ 200ರಿಂದ 300 ಗಂಟೆ ಸಾಕು, ಒಂದಕ್ಕೊಂದು ಪರಾಗ ಕೊಡುತ್ತವೆ. ಹೂವೇನೋ ಭರ್ಜರಿಯಾಗಿ ಬಂತು, ಆದರೆ ಬಹಳ ಬೇಗ. ಒಂದು ವರ್ಷ ತಡವಾಗಿ ಬಿದ್ದ ಹಿಮಕ್ಕೆ ಅಷ್ಟೂ ಹೂ ಕರಟಿ ಹೋಯಿತು. ಉಳಿದ ವರ್ಷ ಹಣ್ಣು ಗಟ್ಟಿ, ರುಚಿ ಚೆನ್ನಾಗಿತ್ತು. ನನಗಿಂತ ಬೆಚ್ಚಗಿನ ಜಾಗದವರಿಗೆ ಇದೇ ಸರಿ.

ನನಗೆ ಹೊಂದಿದ್ದು ಲ್ಯಾಪಿನ್ಸ್. ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ. ನರ್ಸರಿ ಪಟ್ಟಿಗಳಲ್ಲಿ ಇದಕ್ಕೆ 400ರಿಂದ 500 ಗಂಟೆ ಅಂತ ಇರುತ್ತದೆ, ನನ್ನ ಚಳಿಗೆ ಅದು ಸರಿಹೋಯಿತು. ಕೊಂಬೆಗಳು ನೆಟ್ಟಗೆ ಮೇಲಕ್ಕೇ ಹೋಗುತ್ತವೆ. ಎಳೆಯದಿರುವಾಗಲೇ ದಾರ ಕಟ್ಟಿ ಬಗ್ಗಿಸದಿದ್ದರೆ ಹಣ್ಣು ಕೀಳೋಕೆ ಏಣಿ ಬೇಕಾಗುತ್ತದೆ.

ಇದನ್ನು ಎರಡು ಬಗೆಯ ಬೇರುಸಸಿಗಳ (ಕಸಿಗೆ ಬುಡವಾಗುವ ಗಿಡಗಳ) ಮೇಲೆ ಕಸಿ ಮಾಡಿಸಿದ್ದೆ. ಗಿಸೆಲಾ 5ರ ಮೇಲಿನದು ಗಿಡ್ಡ, ಮೂರನೇ ವರ್ಷವೇ ಹಣ್ಣು. ಮಜಾರ್ಡ್ ಮೇಲಿನದು ಐದನೇ ವರ್ಷವೂ ಬರೀ ಸೊಪ್ಪು. ಆದರೆ ನೀರು ಹದಿನೈದು ದಿನ ತಪ್ಪಿದಾಗ ಗಿಸೆಲಾ ಬಾಡಿತು, ಮಜಾರ್ಡ್‌ಗೆ ಏನೂ ಆಗಲಿಲ್ಲ. ಗಿಸೆಲಾ ಸವರದೆ ಬಿಟ್ಟರೆ ಕಾಯಿ ಜಾಸ್ತಿಯಾಗಿ ಹಣ್ಣು ಸಣ್ಣದಾಗುತ್ತದೆ. ನೀರಿನ ಭರವಸೆ ಇದ್ದರೆ ಗಿಸೆಲಾ, ಇಲ್ಲದಿದ್ದರೆ ತಾಳ್ಮೆ ಇಟ್ಟುಕೊಂಡು ಮಜಾರ್ಡ್.

ಮಳೆಗೆ ಹಣ್ಣು ಬಿರಿಯುವುದು, ಹಕ್ಕಿಗಳ ಕಾಟ ಎಲ್ಲಕ್ಕೂ ಇತ್ತು. ಬಲೆ ಇಲ್ಲದೆ ಯಾವ ತಳಿಯೂ ನಮಗೆ ಉಳಿಯುವುದಿಲ್ಲ. ಹಿಂದಿನ ಬೇಸಿಗೆ ಬಿಸಿಲು ಜೋರಿದ್ದರೆ ಮರುವರ್ಷ ಅವಳಿ ಹಣ್ಣುಗಳೂ ಕಾಣುತ್ತವೆ.

ಬಿಂಗ್ ಮರ ಕಡಿದಿಲ್ಲ. ಬೇರು ಗಟ್ಟಿಯಾಗಿದೆ. ಈ ಸಲ ಅದರ ಕೊಂಬೆಗಳಿಗೇ ಲ್ಯಾಪಿನ್ಸ್ ಕಸಿ ಕಟ್ಟುತ್ತಿದ್ದೇನೆ.