ಡಬ್ಬೊದಲ್ಲಿ ಹಳೇ ಮರದ ಮನೆ: 2019ರಿಂದ ಇದ್ದು ನೋಡಿದ ಮೇಲೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಸಿಡ್ನಿಯಿಂದ ವಾಯವ್ಯಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿದೆ ಡಬ್ಬೊ. ಸುತ್ತಲೂ ಗೋಧಿ ಹೊಲ, ಕುರಿ ಮೇಯುವ ಬಯಲು. ಇಲ್ಲಿನ ಒಂದು ಬಾಡಿಗೆ ಮನೆಯಲ್ಲಿ ನಾವು 2019ರಿಂದ ಇದ್ದೇವೆ. ಮರದ ಹಲಗೆಯ ಗೋಡೆ, ತಗಡಿನ ಸೂರು, ಗಿಡ್ಡ ಕಂಬಗಳ ಮೇಲೆ ನಿಂತ ಮೂರು ಬೆಡ್‌ರೂಮಿನ ಮನೆ. ಕೆಲಸದ ಮೇಲೆ ಇಂಥ ಊರಿಗೆ ಬರುವ ಕನ್ನಡದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದಿಕ್ಕು. ಮನೆ ನೋಡಲು ಹೋದರೆ ನಾವು ಕೇಳುವುದು ಪೂರ್ವದ ಬಾಗಿಲು ಇದೆಯಾ ಅಂತ, ಅಲ್ವಾ? ಇಲ್ಲಿ ಉತ್ತರಕ್ಕೆ ಯಾವ ಕೋಣೆ ಇದೆ ಅಂತ ಕೇಳಿ. ದಕ್ಷಿಣಾರ್ಧ ಗೋಳವಾದ್ದರಿಂದ ಸೂರ್ಯ ಉತ್ತರದ ಕಡೆ ವಾಲಿ ಸಾಗುತ್ತಾನೆ. ನಮ್ಮ ಹಾಲ್ ಉತ್ತರಕ್ಕಿದೆ, ಅದರ ಮುಂದೆ ಅಗಲವಾದ ಜಗಲಿ. ಜುಲೈ ಚಳಿಯಲ್ಲಿ ಬಿಸಿಲು ಓರೆಯಾಗಿ ಬಿದ್ದು ಹಾಲ್‌ನ ಆಚೆ ಗೋಡೆಯವರೆಗೂ ಬರುತ್ತದೆ. ಜನವರಿಯಲ್ಲಿ ಸೂರ್ಯ ನೆತ್ತಿಗೆ ಬರುವುದರಿಂದ ಜಗಲಿಯ ಸೂರೇ ಬಿಸಿಲನ್ನು ತಡೆಯುತ್ತದೆ. ಈ ಮನೆಯ ನಿಜವಾದ ಬೆಲೆ ಇರುವುದೇ ಇದರಲ್ಲಿ. ದಕ್ಷಿಣದ ಬೆಡ್‌ರೂಮಿಗೆ ಆ ಭಾಗ್ಯ ಇಲ್ಲ. ನೆಲದ ಹಲಗೆಯ ಕೆಳಗೆ ಶೀತ ತಡೆಯುವ ಪದರವೂ ಇಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ದಿನ ಸಾಕ್ಸ್ ಇಲ್ಲದೆ ಆ ಕೋಣೆಯಲ್ಲಿ ಕಾಲಿಡಲಾಗದು. ಕರಿಬೇವಿನ ಕುಂಡ ಚಳಿಗಾಲ ಪೂರ್ತಿ ಹಾಲ್‌ನಲ್ಲೇ ಇರುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಿವೆ. ಸೂರಿನ ಮೇಲೆ ದೊಡ್ಡ ಏರ್ ಕೂಲರ್ ಇದೆ. ಒದ್ದೆ ಪ್ಯಾಡ್ ಮೂಲಕ ಹೊರಗಿನ ಗಾಳಿಯನ್ನು ಎಳೆದು ಎಲ್ಲ ಕೋಣೆಗೂ ಕಳಿಸುತ್ತದೆ. ಒಣ ಹವೆಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟೂ ಕಡಿಮೆ. ಕಿಟಕಿ ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಒಳಗೆಲ್ಲ ಜಿಗುಟು. ಆದರೆ 2020ರ ಜನವರಿಯಲ್ಲಿ, ಬರಗಾಲದ ನಡುವೆ, ಧೂಳಿನ ಬಿರುಗಾಳಿ ಊರನ್ನು ಮುಚ್ಚಿದಾಗ ಕೂಲರ್ ಹಾಕುವ ಹಾಗೇ ಇರಲಿಲ್ಲ. ಹಾಕಿದರೆ ಧೂಳನ್ನೇ ಒಳಗೆ ಎಳೆಯುತ್ತದೆ. ಎಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದರೂ ಕಿಟಕಿಯ ಅಂಚಿನಲ್ಲಿ ಕೆಂಪು ಧೂಳು ಕೂತಿತ್ತು. ಕೂಲರ್ ಜೊತೆಗೆ ಒಂದು ಕೋಣೆಯಲ್ಲಾದರೂ ಎಸಿ ಇರುವ ಮನೆ ಹುಡುಕಿ.

2021ರಲ್ಲಿ ಇಲಿ ಕಾಟ. ಬರದ ನಂತರ ಮಳೆ ಚೆನ್ನಾಗಿ ಬಂತು, ಬೆಳೆ ಹುಲುಸಾಯಿತು, ಅದರ ಬೆನ್ನಿಗೇ ರಾಜ್ಯದ ಈ ಭಾಗದಲ್ಲೆಲ್ಲ ಇಲಿ ಹಿಂಡು. ನಮ್ಮ ಮನೆಯಲ್ಲಿ ಸಿಂಕಿನ ಪೈಪ್ ಹೋಗುವ ತೂತಿನಿಂದ ನುಗ್ಗುತ್ತಿದ್ದವು. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಆ ಸಂದಿಗೆ ಗಟ್ಟಿಯಾಗಿ ತುರುಕಿದ ಮೇಲೆ ನಿಂತಿತು. ಅಕ್ಕಿ, ರಾಗಿ ಹಿಟ್ಟು ಈಗಲೂ ಸ್ಟೀಲ್ ಡಬ್ಬದಲ್ಲೇ.

ಸುತ್ತಮುತ್ತ ಬಹಳ ಇಷ್ಟ. ಮ್ಯಾಕ್ವಾರಿ ನದಿ ನಡಿಗೆಯ ದೂರದಲ್ಲಿದೆ. ಇಲ್ಲಿನ ಮೂಲನಿವಾಸಿ ವಿರಾಜುರಿ ಜನ ಅದನ್ನು ವಂಬೂಲ್ ಅನ್ನುತ್ತಾರೆ. ದಡದಲ್ಲಿ ದೊಡ್ಡ ನೀಲಗಿರಿ ಮರಗಳು, ಸಂಜೆ ಗುಲಾಬಿ ಎದೆಯ ಗಲಾ ಪಕ್ಷಿಗಳ ಗದ್ದಲ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮಾತ್ರ ಹುಷಾರು. ಗೂಡು ಕಟ್ಟಿದ ಮ್ಯಾಗ್‌ಪೈ ಹಕ್ಕಿಗಳು ತಲೆಯ ಮೇಲೇ ಎರಗುತ್ತವೆ. ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಹಾಕಿಯೇ ಕಳಿಸುತ್ತೇವೆ.

ಬಾಡಿಗೆಯ ವ್ಯವಹಾರ ನೆಮ್ಮದಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ನ್ಯೂ ಸೌತ್ ವೇಲ್ಸ್ ಕಾನೂನಿನ ಪ್ರಕಾರ ಹೆಚ್ಚೆಂದರೆ 4 ವಾರದ ಬಾಡಿಗೆ, ಅದೂ ಮಾಲೀಕರ ಕೈಯಲ್ಲಿರದೆ ಸರ್ಕಾರದ ಬಳಿ ಇರುತ್ತದೆ. ಮನೆ ತಪಾಸಣೆಗೆ ವರ್ಷಕ್ಕೆ 4 ಸಲಕ್ಕಿಂತ ಹೆಚ್ಚು ಬರುವಂತಿಲ್ಲ, 7 ದಿನ ಮೊದಲೇ ತಿಳಿಸಬೇಕು. ದೇವರ ಪಟಕ್ಕೆ ಅಂತ ಸುಮ್ನೆ ಗೋಡೆ ಕೊರೆಯಬೇಡಿ. ಹಳೇ ಮನೆಗಳ ಒಳಗೋಡೆಯ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ. ನಾವು ಏಜೆಂಟರನ್ನು ಕೇಳಿ, ಪಟವನ್ನು ಕಪಾಟಿನ ಮೇಲೆ ಇಟ್ಟಿದ್ದೇವೆ.